ಚೆಂಡೆ ಕೇಳ್ತದೆ, ಅರ್ಥ ಕೇಳ್ತಿಲ್ಲ

ಗಾಡಿಯ ಸ್ಪೀಕರ್ ಬದಲಾಯಿಸ್ತೀನಿ ಅಂತ ಆಫೀಸಲ್ಲೋ ಊರಲ್ಲೋ ಒಮ್ಮೆ ಹೇಳಿ ನೋಡಿ. ಮೊದಲ ಪ್ರಶ್ನೆ ‘ಬಾಸ್ ಹೇಗಿದೆ?’, ಎರಡನೆಯದು ‘ಎಷ್ಟು ವ್ಯಾಟ್?’. ಮೂರನೆಯವರು ಯೂಟ್ಯೂಬ್ ಲಿಂಕ್ ಕಳಿಸ್ತಾರೆ. ಅದರಲ್ಲಿ ಡಿಕ್ಕಿ ತುಂಬ ಸಬ್‌ವೂಫರ್ ತುಂಬಿಕೊಂಡ ಗಾಡಿಯೊಂದರ ಗಾಜು ಗಡಗಡ ನಡುಗುತ್ತಿರುತ್ತದೆ. ‘ಮಾತು ಸರಿಯಾಗಿ ಕೇಳ್ತದಾ?’ ಅಂತ ಕೇಳಿದವರು ನನಗೆ ಸಿಕ್ಕಿದ್ದು ಒಬ್ಬರೇ. ಅವರು ನಮ್ಮ ಅಪ್ಪಯ್ಯ.

ಅಪ್ಪಯ್ಯನ ದೂರು ಒಂದೇ ಸಾಲಿನದು. ‘ಚೆಂಡೆ ಕೇಳ್ತದೆ, ಅರ್ಥ ಕೇಳ್ತಿಲ್ಲ.’

ತಾಳಮದ್ದಳೆ ಗೊತ್ತಿಲ್ಲದವರಿಗೆ ಒಂದು ಮಾತು. ಇದು ವೇಷ, ಕುಣಿತ ಎರಡೂ ಇಲ್ಲದ ಯಕ್ಷಗಾನ. ಭಾಗವತರು ಪದ್ಯ ಹೇಳ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡ್ತಾರೆ. ಆ ಮಾತಿಗೆ ‘ಅರ್ಥ’ ಅಂತಲೇ ಹೆಸರು. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತ ಮೇಲೆ ನಮ್ಮ ಕಡೆ ಇದರ ಕಾಲ. ಅಪ್ಪಯ್ಯನ ಪೆನ್‌ಡ್ರೈವಿನಲ್ಲಿ ಹಳೇ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ಪ್ರಸಂಗಗಳು ತುಂಬಿವೆ. 1990ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡ ಕಾಳಿಂಗ ನಾವಡರ ಪದ್ಯಗಳು ಒಂದಷ್ಟು, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಒಂದಷ್ಟು. ಶೇಣಿಯವರ ಅರ್ಥದಲ್ಲಿ ಒಂದು ಶಬ್ದ ತಪ್ಪಿಸಿಕೊಂಡರೂ ವಾದದ ಎಳೆಯೇ ಕೈಬಿಟ್ಟು ಹೋಗ್ತದೆ. ಅಂಥದ್ದನ್ನು ‘ಗುಂಯ್’ ಅನ್ನುವ ಸ್ಪೀಕರಿನಲ್ಲಿ ಕೇಳೋದು ಹೇಗೆ?

ಮನೆಯಲ್ಲಿ ಕೇಳಬಹುದಲ್ಲ ಅಂತ ನೀವು ಕೇಳಬಹುದು. ಮನೆಯಲ್ಲಿ ಟಿವಿ ಅಮ್ಮನದು. ಅಪ್ಪಯ್ಯನಿಗೆ ಅಂತ ಇರೋದು ಗಾಡಿಯ ಮುಂದಿನ ಎಡಗಡೆ ಸೀಟು. ನಮ್ಮದು ಕೊಪ್ಪದ ಹತ್ತಿರದ ಹಳ್ಳಿ, ಅಡಿಕೆ ತೋಟ. ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೀನಿ, ತಮ್ಮ ತೋಟ ನೋಡಿಕೊಂಡು ಊರಲ್ಲೇ ಇದ್ದಾನೆ. ಬ್ಯಾಂಕು, ಗೊಬ್ಬರದಂಗಡಿ ಅಂದ್ರೆ ಕೊಪ್ಪ. ಶಾರದಾಂಬೆಯ ದರ್ಶನ, ಅತ್ತೆ ಮನೆ ಅಂದ್ರೆ ಶೃಂಗೇರಿ. ಅಮ್ಮನ ತವರು ನರಸಿಂಹರಾಜಪುರದ ಕಡೆ. ನಮ್ಮಜ್ಜಿ ಕೊನೆಯವರೆಗೂ ಅದನ್ನ ಹಳೇ ಹೆಸರಲ್ಲಿ ಎಡೆಹಳ್ಳಿ ಅಂತಲೇ ಕರೀತಿದ್ರು. ಈ ಮೂರು ಊರಿನ ನಡುವೆ ತಿಂಗಳಿಗೆ ಏಳೆಂಟು ಸಲ ಓಡಾಟ ಇದ್ದೇ ಇರ್ತದೆ.

ಮೊದಲೆಲ್ಲ ಈ ಓಡಾಟಕ್ಕೆ ಬಸ್ಸೇ ಸಾಕಿತ್ತು. ಕೊಪ್ಪದ ‘ಸಹಕಾರ ಸಾರಿಗೆ’ ಕೇಳಿರ್ತೀರಿ. ಮುಚ್ಚಿಹೋದ ಖಾಸಗಿ ಬಸ್ ಕಂಪನಿಯ ಕಾರ್ಮಿಕರೇ ಸೇರಿಕೊಂಡು 1991ರಲ್ಲಿ ಕಟ್ಟಿದ ಸಂಸ್ಥೆ. ಡ್ರೈವರ್, ಕಂಡಕ್ಟರುಗಳೇ ಅದರ ಮಾಲೀಕರು. ಮಲೆನಾಡಿನ ಮೂಲೆಮೂಲೆಗೆ ಹೋಗ್ತಿದ್ದ ಆ ಬಸ್ಸುಗಳು 2020ರಲ್ಲಿ ನಿಂತವು. ಅದಾದ ಮೇಲೆ ನಮ್ಮಂಥ ಎಷ್ಟೋ ಮನೆಗಳಿಗೆ ಸ್ವಂತ ಗಾಡಿ ಅನ್ನೋದು ಅಂತಸ್ತಿನ ವಿಷಯವಾಗಿ ಉಳಿಯಲಿಲ್ಲ, ಅಡಿಕೆ ಸುಲಿಯೋ ಮೆಷಿನ್ನಿನಷ್ಟೇ ಅಗತ್ಯದ್ದಾಯ್ತು. ನಮ್ಮನೆಗೆ ಏಳು ಸೀಟಿನದು ಬಂದಿದ್ದು ಹಾಗೆ. ಅದರ ಸ್ಪೀಕರ್ ಬಗ್ಗೆ ಶೋರೂಮಿನಲ್ಲಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ದುಡ್ಡಿಲ್ಲದ ಕೆಲಸ ಮೊದಲು

ಕಳೆದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ನಾನು ಮಾಡಿದ ಮೊದಲ ಕೆಲಸ ಸೆಟ್ಟಿಂಗ್ ತೆಗೆದು ನೋಡಿದ್ದು. ತಮ್ಮ ಬಾಸ್ ಅನ್ನ ಪೂರ್ತಿ ಏರಿಸಿಟ್ಟಿದ್ದ. ಫೇಡರ್ ಹಿಂದಿನ ಸೀಟಿನ ಕಡೆಗಿತ್ತು, ಅವನ ಗೆಳೆಯರು ಹಿಂದೆ ಕೂರ್ತಾರಂತೆ. ‘ಲೌಡ್‌ನೆಸ್’ ಅನ್ನೋ ಗುಂಡಿಯೂ ಆನ್ ಇತ್ತು. ಅದು ಸಣ್ಣ ವಾಲ್ಯೂಮಿನಲ್ಲೂ ಹಾಡು ತುಂಬಿಕೊಂಡ ಹಾಗೆ ಕೇಳಿಸಲಿ ಅಂತ ತಗ್ಗು ಸ್ವರಗಳನ್ನ ಇನ್ನೂ ಉಬ್ಬಿಸ್ತದೆ. ಅದರ ಮೇಲೆ ಅವನ ಫೋನಿನ ಮ್ಯೂಸಿಕ್ ಆ್ಯಪಿನಲ್ಲಿ ಬೇರೆ ಈಕ್ವಲೈಸರು. ಒಂದರ ಮೇಲೆ ಒಂದು ಕಂಬಳಿ ಹೊದಿಸಿದ ಹಾಗೆ.

ಬಾಸ್ ಅನ್ನ ಸೊನ್ನೆಗಿಂತ ಎರಡು ಕೆಳಗೆ ತಂದೆ. ಮಿಡ್ ಎರಡು, ಟ್ರೆಬಲ್ ಮೂರು ಮೇಲೆ. ಫೇಡರ್ ಮುಂದಕ್ಕೆ, ಲೌಡ್‌ನೆಸ್ ಬಂದ್. ಫೋನಿನ ಈಕ್ವಲೈಸರ್ ಆಫ್. ಐದು ನಿಮಿಷದ ಕೆಲಸ. ಅರ್ಧ ವ್ಯತ್ಯಾಸ ಅಲ್ಲೇ ಸಿಕ್ತು. ಸ್ಪೀಕರ್ ಕೊಳ್ಳುವ ಮೊದಲು ದಯವಿಟ್ಟು ಇದನ್ನ ಮಾಡಿ ನೋಡಿ. ಕೆಲವರಿಗೆ ಇಷ್ಟೇ ಸಾಕಾಗಬಹುದು, ನನ್ನ ಲೇಖನ ಇಲ್ಲಿಗೇ ಬಿಡಬಹುದು.

ಇನ್ನೊಂದು, ನಮ್ಮ ಕಡೆ ಆನ್‌ಲೈನ್ ಹಾಡು ನಂಬಬೇಡಿ. ಕಾಡಿನ ತಿರುವುಗಳಲ್ಲಿ ಸಿಗ್ನಲ್ ಬರ್ತದೆ, ಹೋಗ್ತದೆ. ನೆಟ್ ಸಣ್ಣಗಾದಾಗ ಆ್ಯಪುಗಳು ಹಾಡಿನ ಗುಣಮಟ್ಟವನ್ನೂ ತಾವೇ ಇಳಿಸಿಬಿಡ್ತವೆ. ಪೆನ್‌ಡ್ರೈವ್ ಹಳೇ ಕಾಲದ್ದು ಅಂತ ನಗುವವರು ಒಮ್ಮೆ ಹರಿಹರಪುರ ದಾಟಿ ನೋಡಲಿ.

ಸೆಟ್ಟಿಂಗ್ ಸರಿಯಾದ ಮೇಲೂ ಅಪ್ಪಯ್ಯ ‘ಈಗ ಅಡ್ಡಿಲ್ಲ, ಆದ್ರೂ ಮಾತು ಮಸುಕು’ ಅಂದ್ರು. ಹಾಗಾಗಿ ಬಾಗಿಲು ಬಿಚ್ಚುವ ತೀರ್ಮಾನಕ್ಕೆ ಬಂದದ್ದು.

ಬಾಗಿಲ ಒಳಗೆ ಏನಿದೆ

ಕೊಪ್ಪದಲ್ಲಿ ಸೀಟ್ ಕವರ್, ಫ್ಲೋರ್ ಮ್ಯಾಟ್ ಮಾರುವ ಕಾರ್ ಡೆಕೋರ್ ಅಂಗಡಿಯ ಹುಡುಗ ಎಡಬಾಗಿಲಿನ ಪ್ಯಾಡ್ ತೆಗೆದು ತೋರಿಸಿದ. ಕಂಪನಿ ಸ್ಪೀಕರ್ ಕೈಗೆ ತಗೊಂಡ್ರೆ ತೂಕವೇ ಇಲ್ಲ. ಪ್ಲಾಸ್ಟಿಕ್ ಚೌಕಟ್ಟು, ಕಾಗದದ ಕೋನು, ಹಿಂದೆ ಬಿಸ್ಕತ್ತಿನಷ್ಟು ಅಯಸ್ಕಾಂತ. ಕೋನಿನ ಅಂಚಿನಲ್ಲಿ ನೀರಿನ ಕಲೆ. ಟ್ವೀಟರ್ ಅನ್ನೋದೇ ಇಲ್ಲ. ದಪ್ಪ ಸ್ವರ, ತೆಳು ಸ್ವರ ಎಲ್ಲವನ್ನೂ ಅದೊಂದೇ ಕಾಗದ ಹೇಳಬೇಕು. ಕಂಪನಿಯವರನ್ನ ಬೈದು ಪ್ರಯೋಜನ ಇಲ್ಲ. ಗಾಡಿ ಕೊಳ್ಳುವಾಗ ನಾವು ಮೈಲೇಜ್ ಕೇಳ್ತೀವಿ, ಏರ್‌ಬ್ಯಾಗ್ ಕೇಳ್ತೀವಿ, ಟಚ್ ಸ್ಕ್ರೀನ್ ಎಷ್ಟು ಇಂಚು ಅಂತ ಕೇಳ್ತೀವಿ. ಕಾಣದೇ ಇರೋದ್ರಲ್ಲಿ ಅವರು ಉಳಿಸ್ತಾರೆ.

ಮಾತು ಮಸುಕಾಗೋದು ಯಾಕೆ ಅಂತ ಇಲ್ಲಿ ಸ್ವಲ್ಪ ನಿಂತು ನೋಡಬೇಕು. ‘ಕಾಸು’, ‘ತಾಸು’, ‘ಪಾಸು’ ಈ ಮೂರನ್ನ ಜೋರಾಗಿ ಹೇಳಿ. ‘ಆ’, ‘ಉ’ ಅನ್ನುವ ಸ್ವರಗಳಲ್ಲೇ ದನಿಯ ಶಕ್ತಿ ಇರೋದು, ಅವು ತಗ್ಗಿನ ಕಂಪನಗಳು. ಮೂರು ಪದವನ್ನ ಬೇರೆ ಮಾಡುವ ಕ, ತ, ಪ ಮಾತ್ರ ಒಂದು ಕ್ಷಣದ ಸಣ್ಣ ಚಿಟಿಕೆಗಳು. ಅವುಗಳ ಗುರುತು ಹೆಚ್ಚಾಗಿ ಸೆಕೆಂಡಿಗೆ 2000ದಿಂದ 4000 ಕಂಪನಗಳ ಆಸುಪಾಸಿನಲ್ಲಿದೆ. ‘ಸ’ಕಾರ ಅದಕ್ಕಿಂತಲೂ ಮೇಲೆ ಹೋಗ್ತದೆ. ಅಂದ್ರೆ ಮಾತಿನ ಸದ್ದು ಕೆಳಗಿದೆ, ತಿಳಿವಳಿಕೆ ಮೇಲಿದೆ. ಬಾಸ್ ಏರಿಸಿದಷ್ಟೂ ಸದ್ದು ಜಾಸ್ತಿ ಆಗ್ತದೆ, ಮಾತು ಮುಳುಗ್ತದೆ.

ಅದರ ಮೇಲೆ ಬಾಗಿಲ ಸ್ಪೀಕರ್ ಇರೋದು ಮೊಣಕಾಲಿನ ಕೆಳಗೆ. ದಪ್ಪ ಸ್ವರ ಸುತ್ತಲೂ ಹರಡ್ತದೆ, ತೆಳು ಸ್ವರ ಟಾರ್ಚ್ ಬೆಳಕಿನ ಹಾಗೆ ಎದುರಿಗೇ ಹೋಗ್ತದೆ. ನಮ್ಮ ಗಾಡಿಯಲ್ಲಿ ಶೇಣಿಯವರ ಸಕಾರಗಳೆಲ್ಲ ಅಪ್ಪಯ್ಯನ ಪಂಚೆಗೆ ತಗುಲಿ ಅಲ್ಲೇ ಮುಗೀತಿದ್ದವು.

ಇದಕ್ಕೆ ಪರಿಹಾರ ‘ಕಾಂಪೊನೆಂಟ್’ ಸೆಟ್. ಬಾಗಿಲಿನಲ್ಲಿ ಆರೂವರೆ ಇಂಚಿನ ವೂಫರ್, ಟ್ವೀಟರ್ ಮಾತ್ರ ಬೇರೆ, ಅದನ್ನ ಕಿವಿಯ ಎತ್ತರಕ್ಕೆ ಹತ್ತಿರ ಇಡಬಹುದು. ನಡುವೆ ಕ್ರಾಸ್‌ಓವರ್ ಅನ್ನುವ ಸಣ್ಣ ಸರ್ಕ್ಯೂಟ್ ಇದ್ದು ಯಾವ ಸ್ವರ ಯಾರಿಗೆ ಅಂತ ಹಂಚ್ತದೆ. ಇದಕ್ಕಿಂತ ಅಗ್ಗದ್ದು ‘ಕೋಆ್ಯಕ್ಸಿಯಲ್’. ಅದರಲ್ಲಿ ಟ್ವೀಟರ್ ವೂಫರಿನ ಮಧ್ಯದಲ್ಲೇ ಕೂತಿರ್ತದೆ. ಹಾಡಿಗೆ ಅದು ಧಾರಾಳ ಸಾಕು, ಹಳೇ ಸ್ಪೀಕರಿಗೆ ಹೋಲಿಸಿದ್ರೆ ಎಷ್ಟೋ ಮೇಲು. ನಮ್ಮ ಸಮಸ್ಯೆ ಮೊಣಕಾಲಿನದ್ದಾದ್ದರಿಂದ ಕಾಂಪೊನೆಂಟೇ ಬೇಕು ಅಂತ ನಾನು ಪಟ್ಟು ಹಿಡಿದೆ. ಮುಂದಿನ ಎರಡು ಬಾಗಿಲಿಗೆ ಮಾತ್ರ. ಹಿಂದಿನವು ಹಳೇವೇ ಇರಲಿ. ಇಷ್ಟೇ ದುಡ್ಡಲ್ಲಿ ನಾಲ್ಕು ಸಾಧಾರಣ ಸ್ಪೀಕರ್ ಹಾಕೋದಕ್ಕಿಂತ ಮುಂದೆ ಎರಡು ಒಳ್ಳೇದು ಹಾಕೋದು ವಾಸಿ ಅನ್ನೋದು ನನ್ನ ಅಭಿಪ್ರಾಯ. ತಮ್ಮನ ಅಭಿಪ್ರಾಯ ಬೇರೆ ಇತ್ತು, ದುಡ್ಡು ನನ್ನದಿತ್ತು.

ವ್ಯಾಟಿನ ಲೆಕ್ಕ

ಅಂಗಡಿಯ ಗೋಡೆ ಮೇಲೆ ಪೆಟ್ಟಿಗೆಗಳು. 300 ವ್ಯಾಟ್, 350 ವ್ಯಾಟ್, 400 ವ್ಯಾಟ್. ಪಯನಿಯರ್, ಸೋನಿ, ಜೆಬಿಎಲ್, ಇನ್ಫಿನಿಟಿ. (ಕೊನೆಯ ಎರಡೂ ಒಂದೇ ಹರ್ಮನ್ ಕಂಪನಿಯವು, 2017ರಿಂದ ಅದರ ಒಡೆತನ ಸ್ಯಾಮ್‌ಸಂಗ್‌ನದು. ಅಂಗಡಿಯಲ್ಲಿ ಅವೆರಡರ ನಡುವೆ ಜಗಳ ಹಚ್ಚಿ ಚೌಕಾಸಿ ಮಾಡುವಾಗ ನೆನಪಿರಲಿ.)

ಆ ದೊಡ್ಡ ಅಂಕಿಗಳನ್ನ ಓದಬೇಡಿ. ಅವು ‘ಪೀಕ್’, ಅಂದ್ರೆ ಒಂದು ಕ್ಷಣ ಸ್ಪೀಕರ್ ಸುಡದೆ ತಡೆದುಕೊಳ್ಳುವ ಮಿತಿ. ನೋಡಬೇಕಾದ್ದು ‘ಆರ್‌ಎಂಎಸ್’, ಎಡೆಬಿಡದೆ ತಾಳುವ ವ್ಯಾಟ್. ಅದಕ್ಕಿಂತಲೂ ಮುಖ್ಯ, ನಿಮ್ಮ ಸ್ಟೀರಿಯೊ ಎಷ್ಟು ಕೊಡ್ತದೆ ಅನ್ನೋದು. ಸ್ಟೀರಿಯೊ ಮೇಲೆ 50×4 ಅಂತ ಬರೆದಿರ್ತಾರೆ. ಲೆಕ್ಕ ಮಾಡೋಣ. ಎಂಜಿನ್ ಓಡುವಾಗ ಗಾಡಿಯ ವಿದ್ಯುತ್ತು ಸುಮಾರು 14.4 ವೋಲ್ಟ್. ಸ್ಟೀರಿಯೊದ ಒಳಗಿನ ಆಂಪ್ಲಿಫೈಯರ್ ಅದರಿಂದ ಎಷ್ಟೇ ಒದ್ದಾಡಿದರೂ ಶುದ್ಧ ಸ್ವರಕ್ಕೆ ಸಿಗುವ ಪರಿಣಾಮಕಾರಿ ವೋಲ್ಟ್ 10ರ ಆಸುಪಾಸು. ಅದರ ವರ್ಗವನ್ನ ಸ್ಪೀಕರಿನ 4 ಓಮಿನಿಂದ ಭಾಗಿಸಿ. 26 ವ್ಯಾಟ್. ಒಳಗಿನ ನಷ್ಟ ಕಳೆದ್ರೆ ಹದಿನೈದೋ ಇಪ್ಪತ್ತೋ. ಅಷ್ಟೇ ಬರೋದು. ಬೇರೆ ಆಂಪ್ಲಿಫೈಯರ್ ಹಾಕದೆ 400 ವ್ಯಾಟಿನ ಸ್ಪೀಕರ್ ಕಟ್ಟಿಸೋದು ಅಂದ್ರೆ ಮಂಡಿಯುದ್ದದ ಹಳ್ಳಕ್ಕೆ ಲಾಂಚ್ ಇಳಿಸಿದ ಹಾಗೆ.

ಹಾಗಾದ್ರೆ ಪೆಟ್ಟಿಗೆಯಲ್ಲಿ ಏನು ಹುಡುಕಬೇಕು? ‘ಸೆನ್ಸಿಟಿವಿಟಿ’ ಅಂತ ಸಣ್ಣ ಅಕ್ಷರದಲ್ಲಿ ಒಂದು ಡೆಸಿಬೆಲ್ ಅಂಕಿ ಇರ್ತದೆ. ಒಂದು ವ್ಯಾಟ್ ಕೊಟ್ರೆ ಒಂದು ಮೀಟರ್ ದೂರದಲ್ಲಿ ಎಷ್ಟು ಸದ್ದು ಅನ್ನೋದು ಅದು. ಇಲ್ಲಿ 3 ಡೆಸಿಬೆಲ್ ಜಾಸ್ತಿ ಅಂದ್ರೆ ವ್ಯಾಟ್ ಎರಡರಷ್ಟು ಕೊಟ್ಟ ಹಾಗೆ. 87ರ ಸ್ಪೀಕರಿಗೆ 60 ವ್ಯಾಟ್ ಕೊಟ್ಟರೆ ಬರುವ ಸದ್ದು 93ರ ಸ್ಪೀಕರಿಗೆ 15 ವ್ಯಾಟಿಗೇ ಬರ್ತದೆ. ಕಂಪನಿ ಸ್ಟೀರಿಯೊ ಉಳಿಸಿಕೊಳ್ಳುವವರು 90ರ ಮೇಲಿನದ್ದೇ ಆರಿಸಿ. ಓಮ್ ಕೂಡ ನೋಡಿ, ಸ್ಟೀರಿಯೊ 4 ಓಮಿನದ್ದಾದ್ರೆ ಅದಕ್ಕಿಂತ ಕಡಿಮೆಯದ್ದನ್ನ ಸಿಕ್ಕಿಸಬೇಡಿ, ಆಂಪ್ಲಿಫೈಯರ್ ಬಿಸಿಯಾಗ್ತದೆ.

ನಾನು ಇಷ್ಟೆಲ್ಲ ಕೇಳುವಾಗ ಅಂಗಡಿ ಹುಡುಗ ತಮ್ಮನ ಮುಖ ನೋಡಿದ. ಮೂರನೇ ಪ್ರಶ್ನೆಯ ಹೊತ್ತಿಗೆ ನನ್ನನ್ನೇ ನೋಡಿ ಉತ್ತರ ಕೊಡೋಕೆ ಶುರು ಮಾಡಿದ. ಚುರುಕು ಹುಡುಗ, ಗೊತ್ತಿದ್ದ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದ. ಅಂಥವರ ಕೈಗೆ ಗಾಡಿ ಕೊಡಬಹುದು.

ಮಳೆ, ಇಲಿ, ಏರ್‌ಬ್ಯಾಗ್

ಯೂಟ್ಯೂಬಿನ ಬಹಳಷ್ಟು ಪಾಠಗಳು ಒಣ ಊರಿನವು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿನ ಮೇಲೆ ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಒಣಗೋದೇ ಇಲ್ಲ. ಕಿಟಕಿ ಗಾಜಿನ ಮೇಲೆ ಬಿದ್ದ ನೀರು ರಬ್ಬರ್ ದಾಟಿ ಬಾಗಿಲ ಒಳಗೇ ಇಳೀತದೆ. ಇದು ದೋಷ ಅಲ್ಲ, ಎಲ್ಲ ಗಾಡಿಯ ವಿನ್ಯಾಸವೇ ಹಾಗೆ. ಆ ನೀರು ಬಾಗಿಲ ತಳದ ಸಣ್ಣ ತೂತುಗಳಿಂದ ಹೊರಗೆ ಹೋಗಬೇಕು. ಪ್ಯಾಡಿನ ಹಿಂದಿರುವ ಪ್ಲಾಸ್ಟಿಕ್ ಹಾಳೆ ಅದನ್ನ ನಿಮ್ಮ ಕಡೆ ಬರದ ಹಾಗೆ ತಡೀತದೆ.

ಅವಸರದಲ್ಲಿ ಸ್ಪೀಕರ್ ಕೂರಿಸುವವರು ಈ ಹಾಳೆಯನ್ನೇ ಹರಿದು ಬಿಸಾಡ್ತಾರೆ. ಸದ್ದು ತಡೆಯುವ ಶೀಟನ್ನ ತಳದವರೆಗೂ ಮೆತ್ತಿ ತೂತು ಮುಚ್ಚುವವರೂ ಇದ್ದಾರೆ. ಒಣ ಊರಿನಲ್ಲಿ ಇದು ಗೊತ್ತೇ ಆಗದಿರಬಹುದು. ಮಲೆನಾಡಿನಲ್ಲಿ ಎರಡೇ ಮಳೆಗಾಲಕ್ಕೆ ತುಕ್ಕು, ಬೂಸ್ಟಿನ ವಾಸನೆ. ‘ಹಾಳೆ ವಾಪಸ್ ಅಂಟಿಸಿ, ತೂತು ಬಿಟ್ಟುಬಿಡಿ’ ಅಂತ ಮೊದಲೇ ಹೇಳಿ, ಕೆಲಸ ಮುಗಿದ ಮೇಲೆ ಬಗ್ಗಿ ನೋಡಿ. ಕೋನು ಕಾಗದದ ಬದಲು ಪಾಲಿಪ್ರೊಪಿಲೀನಿನದ್ದು ಆರಿಸಿದ್ದಕ್ಕೂ ಇದೇ ಕಾರಣ.

ಶೀಟ್ ಯಾಕೆ ಬೇಕು ಅಂದ್ರೆ, ಕೋನು ಮುಂದಕ್ಕೆ ತಳ್ಳಿದ ಗಾಳಿಯಷ್ಟನ್ನೇ ಹಿಂದಕ್ಕೂ ತಳ್ತದೆ. ಬಾಗಿಲಿನ ತಗಡಿನಲ್ಲಿರುವ ದೊಡ್ಡ ತೂತುಗಳಿಂದ ಹಿಂದಿನ ಗಾಳಿ ಬಂದು ಮುಂದಿನದ್ದನ್ನ ಹೊಡೆದುಹಾಕ್ತದೆ. ತಗಡೂ ಜೊತೆಗೇ ನಡುಗ್ತದೆ. ಬ್ಯುಟೈಲ್ ರಬ್ಬರಿನ ಶೀಟ್ ತಗಡಿನ ನಡುಕ ನಿಲ್ಲಿಸ್ತದೆ. ಸ್ಪೀಕರಿನ ಸುತ್ತ ಗಟ್ಟಿ ರಿಂಗ್ ಕೊಟ್ಟು ಸಂದು ಮುಚ್ಚಿದ್ರೆ ಗಾಳಿ ಸೋರಲ್ಲ. ಟಾರಿನ ಅಗ್ಗದ ಶೀಟ್ ಕೂಡ ಸಿಗ್ತದೆ, ಬಿಸಿಲಿಗೆ ವಾಸನೆ ಹೊಡೀತದೆ, ಬೇಡ. ಶೀಟ್ ಹಾಕಿಸಿದ್ದರಿಂದ ನಮಗೆ ಸಿಕ್ಕ ಬೋನಸ್ ಅಂದ್ರೆ ಟಯರಿನ ಸದ್ದು ಸ್ವಲ್ಪ ತಗ್ಗಿದ್ದು, ಬಾಗಿಲು ಹಾಕಿದ್ರೆ ‘ಧಪ್’ ಅನ್ನೋದು. ತಮ್ಮನಿಗೆ ಆ ಧಪ್ ಬಹಳ ಇಷ್ಟವಾಯ್ತು.

ಇನ್ನು ಟ್ವೀಟರ್. ವಿಂಡ್‌ಶೀಲ್ಡ್ ಪಕ್ಕದ ಕಂಬಕ್ಕೆ ತೂತು ಕೊರೆದು ಕೂರಿಸಿದ್ರೆ ಚಂದ ಕಾಣ್ತದೆ. ಆದ್ರೆ ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಗಳಲ್ಲಿ ಅದು ಮಡಚಿ ಕೂತಿರೋದೇ ಆ ಕಂಬದಿಂದ ಸೂರಿನವರೆಗೆ. ಅಲ್ಲಿ ಡ್ರಿಲ್ ಹಾಕೋದು, ವೈರ್ ತೂರಿಸೋದು ಖಂಡಿತ ಬೇಡ. ಸೈಡ್ ಮಿರರ್ ಹಿಂದಿನ ತ್ರಿಕೋನದ ಪ್ಲಾಸ್ಟಿಕ್ ಇದೆಯಲ್ಲ, ಅದು ಒಳ್ಳೇ ಜಾಗ. ಕೆಲವು ಗಾಡಿಗಳಲ್ಲಿ ಬಾಗಿಲ ಒಳಗೇ ಗಾಳಿಯ ಒತ್ತಡ ನೋಡಿ ಸೈಡ್ ಏರ್‌ಬ್ಯಾಗ್ ಬಿಡಿಸುವ ಸೆನ್ಸರ್ ಇರ್ತದೆ, ಅಂಥದ್ದಿದ್ದರೆ ಬಾಗಿಲಿನ ಹಾಳೆ, ತೂತುಗಳ ವಿಷಯಕ್ಕೆ ಕೈ ಹಾಕುವ ಮೊದಲು ಸರ್ವಿಸ್ ಸೆಂಟರಿನಲ್ಲಿ ಕೇಳಿ.

ವೈರ್ ಕತ್ತರಿಸಬಾರದು ಅನ್ನೋದು ನನ್ನ ಕೊನೆಯ ಷರತ್ತು. ಗಾಡಿಗೆ ಹೊಂದುವ ಕಪ್ಲರ್ ಕೆಲವು ನೂರು ರೂಪಾಯಿಗೆ ಸಿಗ್ತದೆ, ಒಂದು ಕಡೆ ಕಂಪನಿ ವೈರ್, ಇನ್ನೊಂದು ಕಡೆ ಹೊಸ ಸ್ಪೀಕರ್. ವಾರಂಟಿಯ ತಕರಾರು ಬರಲ್ಲ, ನಾಳೆ ಗಾಡಿ ಮಾರುವಾಗ ಹಳೇ ಸ್ಪೀಕರ್ ವಾಪಸ್ ಹಾಕಬಹುದು. ಟೇಪ್ ಸುತ್ತಿದ ಜಾಯಿಂಟುಗಳು ತೇವಕ್ಕೆ ಹಸಿರಾಗ್ತವೆ. ಅಡಿಕೆ ಗೋದಾಮಿನ ಪಕ್ಕ ಗಾಡಿ ನಿಲ್ಲಿಸುವ ನಮಗೆ ಇಲಿಗಳ ಉಪಕಾರ ಬೇರೆ ಇದ್ದೇ ಇದೆ.

ಸ್ವೀಪ್ ಟೋನ್

ಕೆಲಸಕ್ಕೆ ಮೂರು ಗಂಟೆ ಹಿಡೀತು. ಕಾಂಪೊನೆಂಟ್ ಸೆಟ್ಟಿಗೆ 6400, ರಿಂಗ್ ಮತ್ತು ಕಪ್ಲರಿಗೆ 700, ಎರಡು ಬಾಗಿಲಿನ ಶೀಟಿಗೆ 1600, ಮಜೂರಿ 1000. ಒಟ್ಟು 9700 ರೂಪಾಯಿ. ಕೂರಿಸುವ ಮೊದಲು ಹುಡುಗ ಒಂದು ಪೆನ್ಸಿಲ್ ಸೆಲ್ ತಂದು ಪ್ರತಿ ಸ್ಪೀಕರಿನ ವೈರಿಗೆ ಕ್ಷಣ ಮುಟ್ಟಿಸಿದ. ಕೋನು ಹೊರಗೆ ಜಿಗಿದ್ರೆ ಪ್ಲಸ್ ಸರಿ, ಒಳಗೆ ಹೋದ್ರೆ ಉಲ್ಟಾ. ಎರಡರಲ್ಲಿ ಒಂದು ಉಲ್ಟಾ ಆದ್ರೂ ಒಂದನ್ನೊಂದು ಹೊಡೆದುಕೊಂಡು ಸೌಂಡ್ ಟೊಳ್ಳಾಗ್ತದೆ. ನಿಮ್ಮ ಗಾಡಿಯಲ್ಲಿ ಹೊಸ ಸ್ಪೀಕರ್ ಹಾಕಿಸಿದ ಮೇಲೆ ಬಾಸ್ ಎಲ್ಲೋ ಹೋಯ್ತು ಅನ್ನಿಸಿದ್ರೆ ಮೊದಲು ಇದನ್ನ ನೋಡಿಸಿ.

ಕೊನೆಗೆ ಬಾಗಿಲ ಪ್ಯಾಡ್ ಎಲ್ಲಾದರೂ ಕಟಕಟ ಅಂತದಾ ನೋಡೋಕೆ ಅವನು ಫೋನಿನಿಂದ ಸ್ವೀಪ್ ಟೋನ್ ಹಾಕಿದ. ತೀರಾ ತಗ್ಗಿನಿಂದ ಶುರುವಾಗಿ ನಿಧಾನಕ್ಕೆ ಮೇಲೇರುವ ಒಂದೇ ಸ್ವರ. ಎಲ್ಲಿಗೆ ಬಂತು ಅಂತ ಸ್ಕ್ರೀನಿನಲ್ಲಿ ಅಂಕಿ ಓಡ್ತಿರ್ತದೆ. ಅಪ್ಪಯ್ಯ ತಮ್ಮ ಸೀಟಿನಲ್ಲಿ ಕೂತಿದ್ರು, ಅಮ್ಮ ಹಿಂದೆ.

3000 ದಾಟಿ ಸ್ವಲ್ಪ ಹೊತ್ತಿಗೆ ಅಪ್ಪಯ್ಯ ಕೇಳಿದ್ರು, ‘ಎಂತ, ನಿಲ್ಸಿದ್ಯಾ?’

‘ಇಲ್ಲ ಯಜಮಾನ್ರೆ, ಓಡ್ತಾ ಇದೆಯಲ್ಲ’ ಅಂದ ಹುಡುಗ.

ನನಗೆ ಕೇಳ್ತಿತ್ತು, ಕಿವಿಗೆ ಚುಚ್ಚುವ ಹಾಗೆ. ಅಮ್ಮನಿಗೂ ಕೇಳ್ತಿತ್ತು. ಅವನು ಹಿಂದಕ್ಕೆ ಹೋಗಿ ಇನ್ನೊಮ್ಮೆ ಹಾಕಿದ. ಮತ್ತೆ ಅಲ್ಲೇ, 3000 ದಾಟಿದ ಮೇಲೆ, ಅಪ್ಪಯ್ಯನ ಮುಖದಲ್ಲಿ ಸ್ವರ ನಿಂತುಹೋಯ್ತು. ಅಂಗಡಿಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ.

ಅಮ್ಮ ಹಿಂದಿನ ಸೀಟಿನಿಂದ ಹೇಳಿದ್ರು, ‘ನಾಲ್ಕು ವರ್ಷದಿಂದ ಹೇಳ್ತಿದ್ದೀನಿ ಇವರಿಗೆ ಕಿವಿ ಮಂದ ಆಗಿದೆ ಅಂತ. ಅದೂ ಕೇಳ್ಸಿರ್ಲಿಲ್ಲ ಇವ್ರಿಗೆ.’

ಹುಡುಗ ದುಡ್ಡು ಎಣಿಸಿಕೊಳ್ಳುವಾಗ ನನಗೆ ಮಾತ್ರ ಕೇಳುವ ಹಾಗೆ ಅಂದ, ‘ಅಕ್ಕಾ, ಸ್ಪೀಕರ್ ಪಕ್ಕಾ ಇದೆ. ಆದ್ರೆ ಒಂದ್ಸಲ ಕಿವಿ ತೋರ್ಸಿ. ನಮ್ಮಜ್ಜಂಗೂ ಹಿಂಗೇ ಇತ್ತು.’

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳೋದು ಮೇಲಿನ ಸ್ವರಗಳನ್ನೇ. ಅಂದ್ರೆ ಸರಿಯಾಗಿ ಕ, ತ, ಪ, ಸ ಇರುವ ಜಾಗ. ಚೆಂಡೆ ಕೇಳ್ತದೆ, ಬಸ್ಸಿನ ಹಾರ್ನ್ ಕೇಳ್ತದೆ, ಮೊಮ್ಮಗು ಪಿಸುಗುಟ್ಟಿದ್ದು ಕೇಳಲ್ಲ. ಹಾಗಾಗಿ ಮನೆಯವರಿಗೂ ಗೊತ್ತಾಗಲ್ಲ, ಅವರಿಗೂ ಗೊತ್ತಾಗಲ್ಲ, ಎಲ್ಲರೂ ‘ಇವರು ಬಾಯೊಳಗೇ ಮಾತಾಡ್ತಾರೆ’ ಅಂತ ಉಳಿದವರನ್ನ ಬೈತಿರ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 60 ದಾಟಿದವರಲ್ಲಿ ನಾಲ್ಕರಲ್ಲೊಬ್ಬರಿಗಿಂತ ಹೆಚ್ಚು ಜನರಿಗೆ ಬದುಕಿಗೆ ತೊಡಕಾಗುವಷ್ಟು ಶ್ರವಣದೋಷ ಇದೆ. ನಿಮ್ಮ ಅಪ್ಪ ಅಮ್ಮ ಟಿವಿ ವಾಲ್ಯೂಮ್ ವರ್ಷ ವರ್ಷ ಏರಿಸ್ತಿದ್ರೆ ಈ ಲೆಕ್ಕ ಅವರದೂ ಇರಬಹುದು.

ಅಪ್ಪಯ್ಯನನ್ನ ಒಪ್ಪಿಸೋಕೆ ಎರಡು ತಿಂಗಳು ಬೇಕಾಯ್ತು. ‘ಸ್ಪೀಕರಿಗೆ ಅಷ್ಟು ಸುರಿದಿದ್ದೀಯಲ್ಲ, ಸಾಲದಾ?’ ಅನ್ನೋದು ಅವರ ವಾದ. ಕೊಯ್ಲು ಮುಗೀಲಿ, ಬೇಯಿಸೋದು ಮುಗೀಲಿ, ಮದುವೆ ಮುಗೀಲಿ. ಕೊನೆಗೆ ಒಪ್ಪಿದ್ದು ಭಾವನ ಮಾತಿಗೆ. ಶಿವಮೊಗ್ಗದಲ್ಲಿ ಪರೀಕ್ಷೆ ಆಯ್ತು. ಮುಚ್ಚಿದ ಕೋಣೆ, ಹೆಡ್‌ಫೋನ್, ಸ್ವರ ಕೇಳಿದಾಗ ಗುಂಡಿ ಒತ್ತೋದು, ನೋವಿಲ್ಲದ ಕೆಲಸ. ಗ್ರಾಫ್ ಕೈಗೆ ಬಂತು. ಎಡಗಡೆ ಸಮತಟ್ಟು, 2000ದ ಮೇಲೆ ಘಟ್ಟ ಇಳಿದ ಹಾಗೆ ಇಳಿಜಾರು, ಎರಡೂ ಕಿವಿಗೆ.

ಪರೀಕ್ಷೆ ಮಾಡಿದವರು ಹೇಳಿದ ಒಂದು ಮಾತು ಕಾರ್ ಸ್ಪೀಕರಿಗೂ ಹೊಂದುವಂಥದ್ದು. ಇಂಥ ಕಿವಿಗೆ ಸಣ್ಣ ಸದ್ದು ಕೇಳಲ್ಲ, ಜೋರಾದ್ದು ಮಾತ್ರ ಬೇಗ ಅಸಹನೀಯ ಆಗ್ತದೆ. ನಡುವಿನ ಜಾಗವೇ ಕಿರಿದು. ವಾಲ್ಯೂಮ್ ಏರಿಸಿದ್ರೆ ಅರ್ಥ ಕೇಳಲ್ಲ, ಚೆಂಡೆ ತಲೆಗೆ ಹೊಡೀತದೆ, ಅಷ್ಟೇ. ಪಕ್ಕದಲ್ಲಿ ಕೂತವರ ಕಿವಿಗೂ ಅದು ಒಳ್ಳೇದಲ್ಲ. ಸುರಕ್ಷಿತ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ. ಸದ್ದು ಏರಿದಂತೆ ಸಮಯ ಸರ್ರನೆ ಇಳೀತದೆ. ಮಳೆ ಸೂರಿನ ಮೇಲೆ ಸುರಿಯುವಾಗ ಅದನ್ನ ಸೋಲಿಸೋಕೆ ವಾಲ್ಯೂಮ್ ಏರಿಸುವವರು ಇದನ್ನ ಯೋಚಿಸಬೇಕು. ಮಳೆಯ ಸದ್ದಿನಲ್ಲಿ ಎಲ್ಲ ಸ್ವರಗಳೂ ಇವೆ, ಯಾವ ಸ್ಪೀಕರೂ ಅದರ ಮೇಲೆ ಮಾತನ್ನ ಎತ್ತಿ ನಿಲ್ಲಿಸಲ್ಲ. ಮೇಲಾಗಿ ನಮ್ಮ ತಿರುವುಗಳಲ್ಲಿ ಎದುರಿನ ಬಸ್ಸಿನ ಹಾರ್ನ್ ಕೇಳಲೇಬೇಕು. ಜೋರು ಮಳೆಯಲ್ಲಿ ಸ್ಟೀರಿಯೊ ಬಂದ್ ಅನ್ನೋದು ಈಗ ನಮ್ಮ ಗಾಡಿಯ ನಿಯಮ.

ಶ್ರವಣ ಸಾಧನ ತರುವ ಮೊದಲು ಇನ್ನೊಂದು ಅಭಿಪ್ರಾಯ ಇರಲಿ ಅಂತ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೂ ಹೋಗಿ ಬಂದ್ವಿ. 1965ರಿಂದ ಇರುವ ಕೇಂದ್ರ ಸರ್ಕಾರದ ಸಂಸ್ಥೆ, ಬೆಂಗಳೂರಿನ ಕೆಲಸದವರಿಗೆ ಒಂದು ದಿನದ ರಜೆಯಲ್ಲಿ ಆಗುವ ಕೆಲಸ. ಕಡಿಮೆ ಆದಾಯದ ಮನೆಗಳ ಹಿರಿಯರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಶ್ರವಣ ಸಾಧನ ಉಚಿತವಾಗಿ ಸಿಗುವ ಅವಕಾಶವೂ ಇದೆ, ವಿಚಾರಿಸಿ.

ಈಗ ಹೇಗಿದೆ

ಸಾಧನ ಬಂದು ಮೂರು ತಿಂಗಳಾಯ್ತು. ತೋಟಕ್ಕೆ ಹೋಗುವಾಗ ಡಬ್ಬಿಯಲ್ಲೇ ಇರ್ತದೆ, ಬೆವರಿಗೆ ಹಾಳಾಗ್ತದಂತೆ. ಮದುವೆ ಮನೆಗೆ ಹಾಕ್ಕೊಳ್ಳಲ್ಲ, ನಾಲ್ಕು ಜನ ನೋಡ್ತಾರಂತೆ. ಗಾಡಿಯಲ್ಲಿ ಮಾತ್ರ ತಪ್ಪದೆ ಹಾಕ್ಕೊಳ್ತಾರೆ. ಮೊದಲು 24ರಲ್ಲಿರ್ತಿದ್ದ ವಾಲ್ಯೂಮ್ ಈಗ 15, 16. ಇಷ್ಟು ವರ್ಷ ಗಾಡಿಯ ಇಂಡಿಕೇಟರ್ ಟಿಕ್ ಟಿಕ್ ಅಂತದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಮೊದಲ ದಿನ ‘ಎಂತದು ಹಾಳಾಗಿದೆ ನೋಡಾ’ ಅಂತ ತಮ್ಮನಿಗೆ ಗಾಡಿ ನಿಲ್ಲಿಸಿ ಅಂದಿದ್ರಂತೆ.

ಇಷ್ಟಾದ ಮೇಲೆ ಸ್ಪೀಕರ್ ಬದಲಾಯಿಸಿದ್ದು ದಂಡವಾ ಅಂತ ನೀವು ಕೇಳಬಹುದು. ಅಲ್ಲ. ಸಾಧನ ಹಾಕ್ಕೊಂಡು ಹಿಂದಿನ ಸೀಟಿನ ಹಳೇ ಸ್ಪೀಕರ್ ಮಾತ್ರ ಆನ್ ಮಾಡಿ ನೋಡಿದ್ವಿ. ಮತ್ತೆ ಅದೇ ಗುಂಯ್. ಸ್ಪೀಕರಿನಿಂದ ಹೊರಗೇ ಬರದ ಸಕಾರವನ್ನ ಕಿವಿಗೆ ಹಾಕುವ ಯಂತ್ರ ಎಲ್ಲಿಂದ ತರಬೇಕು?

ಹೊಸ ತಕರಾರು ಒಂದಿದೆ. ಕ್ಯಾಸೆಟ್ಟಿನಿಂದ ಇಳಿಸಿದ ಪ್ರಸಂಗಗಳಲ್ಲಿ ಟೇಪಿನ ‘ಸುಯ್’ ಅನ್ನುವ ಸದ್ದು ಉದ್ದಕ್ಕೂ ಇರ್ತದಲ್ಲ, ಅದೂ ಮೇಲಿನ ಸ್ವರವೇ. ಕಂಪನಿ ಸ್ಪೀಕರಿನಲ್ಲಿ ಯಾರಿಗೂ ಕೇಳ್ತಿರಲಿಲ್ಲ, ಈಗ ಎಲ್ಲರಿಗೂ ಕೇಳ್ತದೆ. ಹೋದ ವಾರ ಶೃಂಗೇರಿಯಿಂದ ಬರುವಾಗ ಅಪ್ಪಯ್ಯ ಫೋನ್ ಮಾಡಿದ್ರು. ‘ಹತ್ತು ಸಾವಿರ ಸುರಿದು ಸುಯ್ ಅನ್ನೋದನ್ನ ತಂದಿಟ್ಯಲ್ಲೇ. ಅದನ್ನ ತೆಗಿಯೋ ಆ್ಯಪ್ ಎಂತಾರು ಇದ್ರೆ ಹಾಕ್ಕೊಡು.’ ಹಿಂದಿನಿಂದ ತಮ್ಮ ಕೂಗ್ತಿದ್ದ, ಸಬ್‌ವೂಫರಿನ ಮಾತೂ ಎತ್ತಿ ಅಂತ. ಅದಕ್ಕೆ ಬೇರೆ ಆಂಪ್ಲಿಫೈಯರ್ ಬೇಕು, ಬ್ಯಾಟರಿಯಿಂದ ನೇರ ವೈರ್ ಎಳೀಬೇಕು, ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು, ಇಲ್ಲದಿದ್ರೆ ವೈರ್ ಉಜ್ಜಿಕೊಂಡ ದಿನ ಬೆಂಕಿ. ಅಡಿಕೆ ಮಾರಿದ ದುಡ್ಡಲ್ಲಿ ಅವನೇ ಹಾಕಿಸ್ಕೊಳ್ಳಲಿ ಅಂದಿದ್ದೀನಿ. ಫ್ಯೂಸಿನದ್ದು ಮಾತ್ರ ಎರಡು ಸಲ ಹೇಳಿದ್ದೀನಿ.